ಮಾತು ಬಲ್ಲವನು ವಿಷಯವನ್ನೂ ಬಲ್ಲನೇ? – ಪ್ರಾಚೀನ ಗ್ರೀಕರ ಒಂದು ವಿವಾದ

ಊಟ ಬಲ್ಲವನಿಗೆ ರೋಗವಿಲ್ಲ, ಮಾತು ಬಲ್ಲವನಿಗೆ ಜಗಳವಿಲ್ಲ ಎಂಬ ಗಾದೆಯನ್ನು ಕೇಳದ ಕನ್ನಡಿಗರು ವಿರಳ. ಆ ಗಾದೆಯಲ್ಲಿರುವ ‘ಬಲ್ಲ’ ಎಂಬ ಪದದ ಎದುರು ಸ್ವಲ್ಪ ಹೊತ್ತು ನಿಲ್ಲಬೇಕು. ‘ಅವನು ಸಂಸ್ಕೃತ ಬಲ್ಲ’ ಎಂದರೆ ತಿಳಿದಿದ್ದಾನೆ ಎಂದರ್ಥ; ‘ಅವನು ಈಜಬಲ್ಲ’ ಎಂದರೆ ಶಕ್ತನಾಗಿದ್ದಾನೆ ಎಂದರ್ಥ. ಅರಿವು ಮತ್ತು ಸಾಮರ್ಥ್ಯ ಎರಡನ್ನೂ ಕನ್ನಡವು ಒಂದೇ ಪದದಲ್ಲಿ ಹಿಡಿದಿಟ್ಟಿದೆ. ಸುಮಾರು ಎರಡು ಸಾವಿರದ ನಾನೂರು ವರ್ಷಗಳ ಹಿಂದೆ ಗ್ರೀಸ್ ದೇಶದ ಅಥೆನ್ಸ್ ನಗರದಲ್ಲಿ ನಡೆದ ಒಂದು ದೀರ್ಘ ವಿವಾದವು ಈ ಎರಡು ಅರ್ಥಗಳನ್ನು ಬೇರ್ಪಡಿಸಿ ನೋಡಿದ್ದರಿಂದಲೇ ಹುಟ್ಟಿತು. ಚೆನ್ನಾಗಿ ಮಾತನಾಡಬಲ್ಲವನು ತಾನು ಆಡುವ ವಿಷಯವನ್ನೂ ಬಲ್ಲವನಾಗಿರಬೇಕೇ? ವಿಷಯವನ್ನು ಬಲ್ಲವನೇ ಸಭೆಯಲ್ಲಿ ಮಾತು ಬಾರದೆ ಸೋತರೆ ಆ ಸೋಲಿನ ಹೊಣೆ ಯಾರದು?

ಸಾಕ್ರಟೀಸನು ವಿಷದ ಬಟ್ಟಲನ್ನು ಕುಡಿದ ಪ್ರಸಂಗವನ್ನು ನಮ್ಮ ಸದ್ಭಕ್ತರಲ್ಲಿ ಬಹುಮಂದಿ ಶಾಲೆಯ ದಿನಗಳಿಂದಲೇ ಬಲ್ಲರು. ಆ ಪ್ರಸಂಗದ ಹಿಂದೆಯೂ ಮುಂದೆಯೂ ಹಬ್ಬಿಕೊಂಡಿರುವ ಈ ವಿವಾದವನ್ನು ವಿವರಿಸುವುದು ಪ್ರಸ್ತುತ ಲೇಖನದ ಉದ್ದೇಶ. ನುಡಿಯೊಡನೆ ನಡೆಯನ್ನು ಜೋಡಿಸಿ ನೋಡುವುದು ವಚನಗಳನ್ನು ಓದುವ ನಮಗೆ ಅಭ್ಯಾಸವಾಗಿದೆ. ಅಥೆನ್ಸಿನವರ ಈ ವಿವಾದದಲ್ಲಿ ಮುಖ್ಯವಾದುದು ನುಡಿ ಮತ್ತು ಅರಿವಿನ ಸಂಬಂಧ. ಆದುದರಿಂದ ಆತುರದ ಹೋಲಿಕೆಗೆ ಇಳಿಯದೆ, ಅವರ ಮಾತನ್ನು ಅವರ ನೆಲದಲ್ಲಿಟ್ಟೇ ನೋಡುವುದು ಲೇಸು.

ಮೊದಲಿಗೆ ಒಂದು ಪದದ ವಿಚಾರ. ಗ್ರೀಕರು ‘ರೆಟೊರಿಕೆ’ ಎಂದು ಕರೆದ ವಿದ್ಯೆಗೆ ಕನ್ನಡದಲ್ಲಿ ಅಲಂಕಾರಶಾಸ್ತ್ರ ಎಂಬ ಹೆಸರನ್ನು ಕೊಡುವುದುಂಟು. ಈ ಹೆಸರು ದಾರಿ ತಪ್ಪಿಸುತ್ತದೆ. ಕವಿರಾಜಮಾರ್ಗದ ಕಾಲದಿಂದಲೂ ನಮ್ಮಲ್ಲಿ ಅಲಂಕಾರಶಾಸ್ತ್ರವೆಂದರೆ ಕಾವ್ಯದ ಗುಣದೋಷಗಳ ವಿಚಾರ. ಅದರ ಮುಂದೆ ಇರುವವನು ಸಹೃದಯ. ಗ್ರೀಕರ ರೆಟೊರಿಕೆಯ ಮುಂದೆ ಇದ್ದವನು ನ್ಯಾಯಾಲಯದಲ್ಲಿ ಮತ ಹಾಕುವ ಸಾಮಾನ್ಯ ನಾಗರಿಕ. ಸಹೃದಯನಿಗೆ ಪದ್ಯ ಮೆಚ್ಚಿಗೆಯಾಗದಿದ್ದರೆ ಯಾರ ಪ್ರಾಣವೂ ಹೋಗುವುದಿಲ್ಲ. ನಾಗರಿಕನು ತಪ್ಪು ಮತ ಹಾಕಿದರೆ ಹೋಗುತ್ತಿತ್ತು. ಆದುದರಿಂದ ನಾವು ಇಲ್ಲಿ ವಾಗ್ಮಿತೆ ಎಂಬ ಪದವನ್ನೇ ಬಳಸುತ್ತೇವೆ.

ವಾಗ್ಮಿತೆಯನ್ನು ಕಲಿಸಬಹುದಾದ ವಿದ್ಯೆಯನ್ನಾಗಿ ಮೊದಲು ಮಾಡಿದವರು ಸಿಸಿಲಿ ದ್ವೀಪದ ಸಿರಾಕ್ಯೂಸ್ ನಗರದ ಕೊರಾಕ್ಸ್ ಮತ್ತು ಟಿಸಿಯಾಸ್ ಎಂದು ಪ್ರಾಚೀನ ಐತಿಹ್ಯವಿದೆ. ಕ್ರಿ.ಪೂ. ಐದನೆಯ ಶತಮಾನದ ನಡುಭಾಗದ ಹೊತ್ತಿಗೆ ಅಲ್ಲಿಯ ನಿರಂಕುಶ ಪ್ರಭುಗಳು ಪದಚ್ಯುತರಾದರು. ಆಸ್ತಿ ಕಳೆದುಕೊಂಡಿದ್ದವರು ಅದನ್ನು ಮರಳಿ ಪಡೆಯಲು ನ್ಯಾಯಾಲಯಕ್ಕೆ ಹೋಗಬೇಕಾಯಿತು. ಹಳೆಯ ದಾಖಲೆಗಳಿಲ್ಲ, ಸಾಕ್ಷಿಗಳಿಲ್ಲ. ಸಾಕ್ಷಿಯಿಲ್ಲದ ಕಡೆ ಉಳಿಯುವುದು ‘ಹೀಗಿದ್ದಿರಬಹುದು’ ಎಂಬ ಸಂಭಾವ್ಯತೆಯ ತರ್ಕ ಮಾತ್ರ. ಆ ತರ್ಕದ ಪ್ರಸಿದ್ಧ ಉದಾಹರಣೆ ಹೀಗಿದೆ. ಬಡಕಲು ದೇಹದವನೊಬ್ಬನು ಬಲಶಾಲಿಯನ್ನು ಹೊಡೆದನೆಂದು ಆರೋಪ ಬಂದರೆ, ಇಂಥ ನಾನು ಅಂಥವನನ್ನು ಹೊಡೆಯುವುದು ಸಂಭವವೇ ಎಂದು ಅವನು ಕೇಳಬಹುದು. ಬಲಶಾಲಿಯ ಮೇಲೆಯೇ ಆರೋಪ ಬಂದರೆ, ಎಲ್ಲರೂ ನನ್ನನ್ನೇ ಸಂಶಯಿಸುವರೆಂದು ತಿಳಿದಿದ್ದೂ ನಾನು ಹೊಡೆಯುತ್ತಿದ್ದೆನೇ ಎಂದು ಅವನೂ ಕೇಳಬಹುದು. ಎರಡೂ ಕಡೆಯ ಮಾತು ನ್ಯಾಯವಾಗಿಯೇ ಕಿವಿಗೆ ಬೀಳುತ್ತದೆ. ನಿಜವಾಗಿ ಹೊಡೆದವರಾರು ಎಂಬುದು ಮಾತ್ರ ತಿಳಿಯದೆ ಉಳಿಯುತ್ತದೆ.

ಅಥೆನ್ಸಿನಲ್ಲಿ ಈ ವಿದ್ಯೆಗೆ ಫಲವತ್ತಾದ ಭೂಮಿ ದೊರೆಯಿತು. ಅಲ್ಲಿ ಇಂದಿನ ಅರ್ಥದ ವಕೀಲರಿರಲಿಲ್ಲ, ವೃತ್ತಿಪರ ನ್ಯಾಯಾಧೀಶರೂ ಇರಲಿಲ್ಲ. ವಾದಿ ಪ್ರತಿವಾದಿಗಳು ತಮ್ಮ ಪರವಾಗಿ ತಾವೇ ನಿಂತು ಮಾತನಾಡಬೇಕು. ಚೀಟಿ ಎತ್ತಿ ಆರಿಸಿದ ನೂರಾರು ನಾಗರಿಕರು ಕುಳಿತು ಕೇಳುವರು. ತಮ್ಮತಮ್ಮೊಳಗೆ ಚರ್ಚಿಸದೆ ನೇರವಾಗಿ ಮತ ಹಾಕುವರು. ಮಡಕೆಯಿಂದ ಸೋರುವ ನೀರು ಮುಗಿಯುವವರೆಗೆ ಮಾತ್ರ ಮಾತಿಗೆ ಅವಕಾಶ. ಹಣವುಳ್ಳವರು ಭಾಷಣವನ್ನು ಬರೆದುಕೊಡುವವರ ಬಳಿಗೆ ಹೋಗಿ, ಬರೆಸಿಕೊಂಡು, ಬಾಯಿಪಾಠ ಮಾಡಿ ಬರುತ್ತಿದ್ದರು. ಲಿಸಿಯಾಸ್ ಎಂಬವನು ಈ ಕೆಲಸದಲ್ಲಿ ಹೆಸರಾದವನು. ಅವನು ಅಥೆನ್ಸಿನ ನಾಗರಿಕನಾಗಿರಲಿಲ್ಲವೆಂಬುದು ಕುತೂಹಲದ ಸಂಗತಿ. ಯುದ್ಧ, ಸಂಧಿ, ತೆರಿಗೆಗಳ ನಿರ್ಣಯವೂ ಇದೇ ರೀತಿ. ನಿಕ್ಸ್ ಎಂಬ ಗುಡ್ಡದ ಮೇಲೆ ಸಾವಿರಾರು ಪುರುಷ ನಾಗರಿಕರು ನೆರೆಯುವರು; ಮಾತು ಕೇಳುವರು; ಕೈ ಎತ್ತುವರು. ಹೆಂಗಸರಿಗೆ, ಗುಲಾಮರಿಗೆ ಅಲ್ಲಿ ಸ್ಥಾನವಿರಲಿಲ್ಲ ಎಂಬುದನ್ನು ಮರೆಯುವಂತಿಲ್ಲ.

ಎತ್ತಿದ ಕೈಗಳ ತೂಕವೆಷ್ಟು ಎಂಬುದಕ್ಕೆ ಕ್ರಿ.ಪೂ. 427ರ ಒಂದು ಘಟನೆ ಸಾಕು. ಇತಿಹಾಸಕಾರ ಥೂಸಿಡಿಡೀಸನು ಇದನ್ನು ದಾಖಲಿಸಿದ್ದಾನೆ. ಲೆಸ್ಬಾಸ್ ದ್ವೀಪದ ಮಿಟಿಲೀನ್ ನಗರವು ಅಥೆನ್ಸಿನ ವಿರುದ್ಧ ದಂಗೆಯೆದ್ದು ಸೋತು ಶರಣಾಗಿತ್ತು. ಸಿಟ್ಟಿನಲ್ಲಿದ್ದ ಅಥೆನ್ಸಿನ ಸಭೆಯು ಆ ನಗರದ ಪ್ರಾಯದ ಗಂಡಸರೆಲ್ಲರನ್ನೂ ಕೊಲ್ಲಬೇಕು, ಹೆಂಗಸರು ಮಕ್ಕಳನ್ನು ಗುಲಾಮರನ್ನಾಗಿ ಮಾರಬೇಕು ಎಂದು ತೀರ್ಮಾನಿಸಿತು. ಆಜ್ಞೆಯನ್ನು ಹೊತ್ತ ಹಡಗು ಅಂದೇ ಹೊರಟಿತು. ರಾತ್ರಿ ಕಳೆದ ಮೇಲೆ ಜನರಿಗೆ ಪಶ್ಚಾತ್ತಾಪವಾಯಿತು. ಅಪರಾಧ ಮಾಡಿದವರೊಡನೆ ಮಾಡದವರನ್ನೂ ಕೊಲ್ಲುವುದು ಕ್ರೂರವೆನಿಸಿತು. ಮರುದಿನ ಮತ್ತೆ ಸಭೆ ಸೇರಿತು.

ಕ್ಲಿಯಾನ್ ಎಂಬ ಪ್ರಭಾವಿ ಮುಂದಾಳು ಎದ್ದು ನಿಂತು, ಹಿಂದಿನ ದಿನದ ತೀರ್ಮಾನವನ್ನು ಬದಲಿಸಬಾರದೆಂದು ವಾದಿಸಿದನು. ಅವನು ಸಭಿಕರನ್ನೇ ಜರೆದನು. ನೀವು ಸೋಫಿಸ್ಟರ ಸುತ್ತ ಕುಳಿತ ಪ್ರೇಕ್ಷಕರಂತೆ ಮಾತಿನ ಸೊಗಸಿಗೆ ಸೋಲುವಿರೇ ಹೊರತು ರಾಜ್ಯದ ಹಿತವನ್ನು ನೋಡುವುದಿಲ್ಲ ಎಂಬುದು ಅವನ ಆಕ್ಷೇಪ. ಮಾತಿನ ಮೋಡಿಯನ್ನು ಹೀಗೆ ಬಯ್ದ ಭಾಷಣವೇ ಮಾತಿನ ಮೋಡಿಯಿಂದ ತುಂಬಿದೆ. ಅದಕ್ಕೆ ಉತ್ತರವಾಗಿ ಡಯೊಡೋಟಸ್ ಎಂಬವನು ಎದ್ದನು. ಅವನು ಕರುಣೆಯ ಮಾತನ್ನೇ ಎತ್ತಲಿಲ್ಲ. ನ್ಯಾಯದ ಪ್ರಶ್ನೆಯನ್ನೂ ಬದಿಗಿಟ್ಟನು. ಶರಣಾದರೂ ಸಾವು, ಆಗದಿದ್ದರೂ ಸಾವು ಎಂದಾದರೆ ಮುಂದೆ ದಂಗೆಯೇಳುವ ನಗರಗಳು ಕೊನೆಯವರೆಗೂ ಹೋರಾಡುತ್ತವೆ, ನಷ್ಟ ನಮಗೇ ಎಂದು ಲಾಭನಷ್ಟದ ಲೆಕ್ಕವನ್ನು ಮುಂದಿಟ್ಟನು. ಅವನ ಬಾಯಿಂದ ಥೂಸಿಡಿಡೀಸನು ಇನ್ನೂ ಒಂದು ಕಟುವಾದ ಮಾತನ್ನು ಆಡಿಸಿದ್ದಾನೆ: ಸಂಶಯವೇ ತುಂಬಿರುವ ಇಂಥ ನಗರದಲ್ಲಿ ಒಳ್ಳೆಯ ಸಲಹೆ ಕೊಡುವವನೂ ನಂಬಿಕೆ ಗಳಿಸಲು ಸುಳ್ಳಾಡಬೇಕಾಗುತ್ತದೆ ಎಂದು.

ಕೈಗಳು ಎದ್ದವು. ಎರಡೂ ಕಡೆ ಹೆಚ್ಚುಕಡಿಮೆ ಸಮ. ಡಯೊಡೋಟಸನ ಪಕ್ಷವು ಅಲ್ಪ ಅಂತರದಿಂದ ಗೆದ್ದಿತು. ಕೂಡಲೇ ಎರಡನೆಯ ಹಡಗು ಹೊರಟಿತು. ಮೊದಲನೆಯದು ಆಗಲೇ ಸುಮಾರು ಒಂದು ಹಗಲು ಒಂದು ರಾತ್ರಿಯಷ್ಟು ಮುಂದಿತ್ತು. ಮಿಟಿಲೀನಿನ ದೂತರು ನಾವಿಕರಿಗೆ ದ್ರಾಕ್ಷಾರಸವನ್ನೂ ಜವೆಯ ಹಿಟ್ಟನ್ನೂ ಒದಗಿಸಿ, ಸಕಾಲಕ್ಕೆ ತಲುಪಿದರೆ ದೊಡ್ಡ ಬಹುಮಾನವೆಂದರು. ನಾವಿಕರು ಹುಟ್ಟು ಹಾಕುತ್ತಲೇ ದ್ರಾಕ್ಷಾರಸ ಮತ್ತು ಎಣ್ಣೆಯಲ್ಲಿ ಕಲಸಿದ ಹಿಟ್ಟನ್ನು ತಿಂದರು. ಸರದಿಯ ಮೇಲೆ ನಿದ್ರೆ ಮಾಡಿದರು. ಎದುರುಗಾಳಿ ಬೀಸಲಿಲ್ಲ. ಮೊದಲ ಹಡಗಿನವರು ತಮ್ಮ ಹೇಯ ಕಾರ್ಯಕ್ಕೆ ಆತುರಪಡದೆ ನಿಧಾನವಾಗಿ ಸಾಗಿದ್ದರು. ದಂಡನಾಯಕನು ಮೊದಲ ಆಜ್ಞೆಯನ್ನು ಓದಿ ಮುಗಿಸಿ, ಅದನ್ನು ಜಾರಿಗೊಳಿಸಲು ಸಿದ್ಧನಾಗುತ್ತಿದ್ದಾಗ ಎರಡನೆಯ ಹಡಗು ದಡ ಮುಟ್ಟಿತು. ನಗರ ಉಳಿಯಿತು. ಆದರೆ ದಂಗೆಯ ಮುಂದಾಳುಗಳೆಂದು ಹಿಡಿದು ತಂದಿದ್ದ ಸಾವಿರಕ್ಕೂ ಮಿಕ್ಕ ಜನರನ್ನು ಕ್ಲಿಯಾನನ ಸೂಚನೆಯಂತೆ ಕೊಲ್ಲಲಾಯಿತು ಎಂದೂ ಥೂಸಿಡಿಡೀಸನು ಬರೆಯುತ್ತಾನೆ. ಭಾಷಣಗಳನ್ನು ಅಕ್ಷರಶಃ ಕೊಡುವುದು ತನಗೆ ಸಾಧ್ಯವಾಗಿಲ್ಲವೆಂದು ಅವನೇ ತನ್ನ ಗ್ರಂಥದ ಆರಂಭದಲ್ಲಿ ಒಪ್ಪಿಕೊಂಡಿರುವುದನ್ನೂ ಓದುಗರು ನೆನಪಿಡಬೇಕು.

ಈ ಘಟನೆಯನ್ನು ಇಷ್ಟು ವಿವರವಾಗಿ ಹೇಳಲು ಕಾರಣವಿದೆ. ವಾಗ್ಮಿತೆಯನ್ನು ಕುರಿತ ತತ್ತ್ವಜ್ಞರ ಚರ್ಚೆಯನ್ನು ಓದುವಾಗ ಅದು ಪಂಡಿತರ ಕಾಲಕ್ಷೇಪವೆನಿಸುವ ಅಪಾಯವುಂಟು. ಮಾತಿನ ಮೇಲೆ ಒಂದು ನಗರದ ಪ್ರಾಣ ನಿಂತಿದ್ದ ಕಾಲವದು. ಡಯೊಡೋಟಸನು ತನ್ನ ಮನಸ್ಸಿನಲ್ಲಿದ್ದ ನಿಜವನ್ನೇ ಹೇಳಿದನೋ, ಕರುಣೆಯನ್ನು ಲಾಭದ ಲೆಕ್ಕದೊಳಗೆ ಅಡಗಿಸಿದನೋ ಯಾರೂ ಹೇಳಲಾರರು. ಅಡಗಿಸಿದ್ದರೆ ಅದು ತಪ್ಪೇ? ಮುಂದೆ ಬಂದ ಒಬ್ಬೊಬ್ಬ ಚಿಂತಕನೂ ಈ ಪ್ರಶ್ನೆಗೆ ಒಂದೊಂದು ಉತ್ತರವನ್ನು ಕೊಟ್ಟಂತಿದೆ.

ಕಾಕತಾಳೀಯವೆಂಬಂತೆ ಅದೇ 427ರಲ್ಲಿ ಸಿಸಿಲಿಯ ಲಿಯಾಂಟಿನಿ ನಗರದಿಂದ ರಾಯಭಾರಿಯಾಗಿ ಗಾರ್ಜಿಯಸ್ ಎಂಬವನು ಅಥೆನ್ಸಿಗೆ ಬಂದನು. ಸಿರಾಕ್ಯೂಸಿನ ವಿರುದ್ಧ ನೆರವು ಬೇಡುವುದು ಅವನ ಕಾರ್ಯ. ಅವನ ಸಮತೂಕದ ವಾಕ್ಯಗಳನ್ನೂ ಪ್ರಾಸಗಳನ್ನೂ ಕೇಳಿ ಅಥೆನ್ಸಿನವರು ಬೆರಗಾದರೆಂದು ಹೇಳಿಕೆಯಿದೆ. ಹಣ ಪಡೆದು ಊರೂರು ಸುತ್ತಿ ಪಾಠ ಹೇಳುತ್ತಿದ್ದ ಇಂಥ ವಿದ್ವಾಂಸರಿಗೆ ಸೋಫಿಸ್ಟರೆಂದು ಹೆಸರು. ಆ ಪದದ ಮೂಲಾರ್ಥ ಜಾಣ, ಜ್ಞಾನಿ ಎಂದೇ. ಅದು ಬೈಗುಳವಾದದ್ದು ಬಹುಮಟ್ಟಿಗೆ ಪ್ಲೇಟೋನಿಂದ.

ಗಾರ್ಜಿಯಸನ ಬರಹಗಳಲ್ಲಿ ‘ಹೆಲೆನಳ ಪ್ರಶಂಸೆ’ ಎಂಬುದು ಉಳಿದು ಬಂದಿದೆ. ಗಂಡನನ್ನು ಬಿಟ್ಟು ಟ್ರಾಯ್ ನಗರಕ್ಕೆ ಹೋಗಿ ಮಹಾಯುದ್ಧಕ್ಕೆ ಕಾರಣಳಾದಳೆಂದು ಎಲ್ಲರೂ ದೂಷಿಸುತ್ತಿದ್ದ ಹೆಲೆನಳನ್ನು ನಿರ್ದೋಷಿಯೆಂದು ತೋರಿಸುವುದು ಅದರ ಪ್ರತಿಜ್ಞೆ. ದೈವದ ಇಚ್ಛೆಯಿಂದ ಹೋಗಿದ್ದರೆ ಅವಳ ತಪ್ಪಿಲ್ಲ. ಬಲಾತ್ಕಾರದಿಂದ ಒಯ್ದಿದ್ದರೆ ಅವಳ ತಪ್ಪಿಲ್ಲ. ಪ್ರೇಮಕ್ಕೆ ವಶಳಾಗಿದ್ದರೂ ಇಲ್ಲ. ಮಾತಿಗೆ ಮರುಳಾಗಿ ಹೋಗಿದ್ದರೆ? ಆಗಲೂ ಇಲ್ಲ ಎನ್ನುತ್ತಾನೆ ಅವನು. ಕಣ್ಣಿಗೆ ಕಾಣದಷ್ಟು ಸೂಕ್ಷ್ಮವಾದ ದೇಹದಿಂದ ಅತ್ಯದ್ಭುತ ಕಾರ್ಯಗಳನ್ನು ಮಾಡುವ ಮಹಾಪ್ರಭು ಈ ಮಾತು. ಮದ್ದುಗಳಲ್ಲಿ ಕೆಲವು ರೋಗವನ್ನು, ಕೆಲವು ಪ್ರಾಣವನ್ನೇ ತೆಗೆಯುವಂತೆ, ಮಾತುಗಳಲ್ಲಿ ಕೆಲವು ಸಂತೋಷವನ್ನು, ಕೆಲವು ಭಯವನ್ನು, ಕೆಲವು ಧೈರ್ಯವನ್ನು ತರುತ್ತವೆ. ಕೆಲವು ಮನಸ್ಸಿಗೆ ವಿಷವಿಕ್ಕುತ್ತವೆ. ಕೊನೆಯಲ್ಲಿ ಇದೆಲ್ಲ ತನಗೊಂದು ವಿನೋದವೆಂದು ಹೇಳಿ ಗಾರ್ಜಿಯಸನು ನಕ್ಕುಬಿಡುತ್ತಾನೆ. ಆದರೆ ನಡುವೆ ಅವನು ಗಂಭೀರವಾದ ಒಂದು ಸಂಗತಿಯನ್ನು ಹೇಳಿದ್ದಾನೆ. ಮನುಷ್ಯರಿಗೆ ಕಳೆದುಹೋದುದರ ಪೂರ್ಣ ಸ್ಮರಣೆಯಾಗಲಿ, ಈಗಿನದರ ಪೂರ್ಣ ಅರಿವಾಗಲಿ, ಬರುವುದರ ಮುನ್ನರಿವಾಗಲಿ ಇದ್ದಿದ್ದರೆ ಮಾತಿಗೆ ಇಷ್ಟು ಬಲವಿರುತ್ತಿರಲಿಲ್ಲ. ಅದಿಲ್ಲದ ಕಾರಣ ಎಲ್ಲರೂ ಅಭಿಪ್ರಾಯವನ್ನೇ ನೆಚ್ಚಿ ಬದುಕುತ್ತಾರೆ, ಆ ಅಭಿಪ್ರಾಯವೋ ಜಾರುವ ನೆಲ. ಅಂದರೆ ಅವನ ಪ್ರಕಾರ ವಾಗ್ಮಿತೆಯು ಅಜ್ಞಾನದ ದುರುಪಯೋಗವೆನ್ನುವುದಕ್ಕಿಂತ ಅಜ್ಞಾನವೇ ಮನುಷ್ಯನ ಸಹಜಸ್ಥಿತಿ, ಅದರೊಳಗೆ ಕೆಲಸ ಮಾಡುವ ಶಕ್ತಿ ಮಾತು.

ಅಬ್ಡೆರಾ ನಗರದ ಪ್ರೊಟಾಗೊರಸನದು ಇನ್ನೊಂದು ದಾರಿ. ಎಲ್ಲಕ್ಕೂ ಅಳತೆಗೋಲು ಮನುಷ್ಯನೇ ಎಂದವನು ಅವನು. ಒಬ್ಬನಿಗೆ ಗಾಳಿ ತಣ್ಣಗೆ, ಇನ್ನೊಬ್ಬನಿಗೆ ಹಾಗಲ್ಲ; ಇಬ್ಬರ ಅನುಭವವೂ ಅವರವರಿಗೆ ನಿಜ. ಪ್ರತಿಯೊಂದು ವಿಷಯದ ಬಗೆಗೂ ಪರಸ್ಪರ ವಿರುದ್ಧವಾದ ಎರಡು ವಾದಗಳಿರುತ್ತವೆಂದೂ ಅವನು ಹೇಳುತ್ತಿದ್ದನು. ಹಾಗಾದರೆ ಗುರುವಿನ ಕೆಲಸವೇನು? ಇದಕ್ಕೆ ಪ್ಲೇಟೋ ತನ್ನ ‘ಥಿಯೆಟಿಟಸ್’ ಸಂವಾದದಲ್ಲಿ ಪ್ರೊಟಾಗೊರಸನ ಪರವಾಗಿ ಸೊಗಸಾದ ಸಮರ್ಥನೆಯನ್ನು ಕೊಟ್ಟಿದ್ದಾನೆ. ರೋಗಿಗೆ ಊಟ ಕಹಿ, ಆರೋಗ್ಯವಂತನಿಗೆ ಸಿಹಿ. ರೋಗಿಯ ನಾಲಗೆ ಸುಳ್ಳು ಹೇಳುತ್ತಿಲ್ಲ. ಆದರೂ ಅವನ ಸ್ಥಿತಿಯನ್ನು ಬದಲಿಸುವುದು ಮೇಲು. ವೈದ್ಯನು ಮದ್ದಿನಿಂದ ಮಾಡುವುದನ್ನು ವಿದ್ವಾಂಸನು ಮಾತಿನಿಂದ ಮಾಡುತ್ತಾನೆ. ಎದುರಾಳಿಯ ವಾದವನ್ನು ಅವನಿಗಿಂತ ಚೆನ್ನಾಗಿ ಮಂಡಿಸಿ ಆಮೇಲೆ ಖಂಡಿಸುವುದು ಪ್ಲೇಟೋನ ದೊಡ್ಡತನ. ನಮ್ಮ ಪೂರ್ವಪಕ್ಷ–ಸಿದ್ಧಾಂತಗಳ ಪದ್ಧತಿಯನ್ನು ಬಲ್ಲವರಿಗೆ ಇದು ಹಿತವೆನಿಸುತ್ತದೆ.

ಸಾಮಾನ್ಯ ಜನಕ್ಕೆ ಈ ಸೂಕ್ಷ್ಮಗಳು ಬೇಕಿರಲಿಲ್ಲ. ಕ್ರಿ.ಪೂ. 423ರಲ್ಲಿ ಅರಿಸ್ಟೋಫೆನೀಸನು ‘ಮೋಡಗಳು’ ಎಂಬ ನಗೆನಾಟಕವನ್ನು ಆಡಿಸಿದನು. ಸಾಲಗಾರರಿಂದ ತಪ್ಪಿಸಿಕೊಳ್ಳಲು ಮಗನಿಗೆ ವಾದವಿದ್ಯೆಯನ್ನು ಕಲಿಸಹೊರಟ ತಂದೆ, ಕೊನೆಗೆ ಆ ಮಗನಿಂದಲೇ ಪೆಟ್ಟು ತಿಂದು, ತಂದೆಯನ್ನು ಹೊಡೆಯುವುದು ಹೇಗೆ ನ್ಯಾಯವೆಂಬ ವಾದವನ್ನೂ ಅವನ ಬಾಯಿಂದಲೇ ಕೇಳಬೇಕಾಗುತ್ತದೆ. ಆ ಪಾಠಶಾಲೆಯ ಗುರು ಯಾರು? ಯಾರಿಂದಲೂ ಶುಲ್ಕ ಪಡೆಯದಿದ್ದ ಸಾಕ್ರಟೀಸ್! ಜನರು ನಕ್ಕರು. ಆದರೆ ಇಪ್ಪತ್ತನಾಲ್ಕು ವರ್ಷಗಳ ನಂತರ ನಿಜವಾದ ನ್ಯಾಯಾಲಯದಲ್ಲಿ ನಿಂತ ಸಾಕ್ರಟೀಸನು, ತನ್ನ ಮೇಲಿನ ಹಳೆಯ ಅಪವಾದಗಳಿಗೆ ಈ ನಾಟಕವನ್ನೇ ನಿದರ್ಶನವಾಗಿ ತೋರಿಸಿದನೆಂದು ಪ್ಲೇಟೋ ಬರೆದಿದ್ದಾನೆ.

ಆ ವಿಚಾರಣೆ ನಡೆದದ್ದು ಕ್ರಿ.ಪೂ. 399ರಲ್ಲಿ. ಸಾಕ್ರಟೀಸನಿಗೆ ಎಪ್ಪತ್ತು ವರ್ಷ. ನಗರದ ದೇವರುಗಳನ್ನು ಮನ್ನಿಸದೆ ಯುವಕರನ್ನು ಕೆಡಿಸಿದನೆಂಬುದು ಆರೋಪ. ಪ್ಲೇಟೋ ಬರೆದಿಟ್ಟಿರುವಂತೆ ಅವನು ತಾನು ನ್ಯಾಯಾಲಯದ ಭಾಷೆಗೆ ಪರಕೀಯನೆಂದೂ, ಪೇಟೆಯಲ್ಲಿ ಮಾತನಾಡುವಂತೆಯೇ ಇಲ್ಲಿಯೂ ಮಾತನಾಡುವೆನೆಂದೂ ಮೊದಲೇ ತಿಳಿಸಿದನು. ಮಕ್ಕಳನ್ನು ಮುಂದೆ ನಿಲ್ಲಿಸಿ ಅಳಿಸಿ ಕರುಣೆ ಗಿಟ್ಟಿಸುವುದು ಅಂದಿನ ರೂಢಿ. ಅದನ್ನು ಅವನು ಮಾಡಲಿಲ್ಲ. ಸುಮಾರು ಐದುನೂರು ಮಂದಿ ಮತ ಹಾಕಿದರು. ಮೂವತ್ತು ಮತಗಳು ಆಚೆಯಿಂದ ಈಚೆಗೆ ಬಂದಿದ್ದರೆ ತಾನು ಬಿಡುಗಡೆ ಹೊಂದುತ್ತಿದ್ದೆನೆಂದು ಅವನೇ ಹೇಳುತ್ತಾನೆ. ಮೂವತ್ತು ಮತ! ಗಾರ್ಜಿಯಸನ ಸಾಧಾರಣ ಶಿಷ್ಯನೊಬ್ಬನು ಪಕ್ಕದಲ್ಲಿದ್ದಿದ್ದರೂ ಅಷ್ಟನ್ನು ತಿರುಗಿಸುತ್ತಿದ್ದನೇನೋ ಎಂದು ನಮಗೆ ಪ್ರತಿಸಲ ಓದುವಾಗಲೂ ಅನಿಸುತ್ತದೆ. ಶಿಕ್ಷೆಯ ಬಗ್ಗೆ ಮಾತನಾಡುವ ಸರದಿ ಬಂದಾಗ, ತನಗೆ ಸಲ್ಲಬೇಕಾದುದು ನಗರದ ಖರ್ಚಿನಲ್ಲಿ ಗೌರವದ ಊಟವೆಂದು ಹೇಳಿ ಅವನು ಉಳಿದ ಸಾಧ್ಯತೆಯನ್ನೂ ಕಡಿಮೆ ಮಾಡಿಕೊಂಡನು.

ಪ್ಲೇಟೋನಿಗೆ ಆಗ ಇಪ್ಪತ್ತೆಂಟರ ಆಸುಪಾಸು. ಗುರುವಿನ ಸಾವಿನ ನಂತರ ಅವನು ಬರೆದ ‘ಗಾರ್ಜಿಯಸ್’ ಎಂಬ ಸಂವಾದದಲ್ಲಿ ಆ ನೋವು ಇನ್ನೂ ಹಸಿಯಾಗಿದೆ. ಸಂವಾದದಲ್ಲಿ ಗಾರ್ಜಿಯಸನು ತನ್ನ ವಿದ್ಯೆಯ ಹಿರಿಮೆಗೆ ಒಂದು ದೃಷ್ಟಾಂತ ಕೊಡುತ್ತಾನೆ. ಅವನ ತಮ್ಮನೋ ಅಣ್ಣನೋ ಆದ ಹೆರೋಡಿಕಸನು ವೈದ್ಯ. ಔಷಧ ಕುಡಿಯಲು, ಶಸ್ತ್ರಚಿಕಿತ್ಸೆಗೆ ಒಪ್ಪಲು ಹೆದರುವ ರೋಗಿಯನ್ನು ವೈದ್ಯನು ಒಪ್ಪಿಸಲಾರದೆ ಹೋದಾಗ ತಾನು ಬರೀ ಮಾತಿನಿಂದ ಒಪ್ಪಿಸಿದ್ದೇನೆ ಎನ್ನುತ್ತಾನೆ. ಅಷ್ಟಕ್ಕೇ ನಿಲ್ಲದೆ, ಯಾವ ನಗರದ ಸಭೆಯಲ್ಲಾದರೂ ವೈದ್ಯನೂ ವಾಗ್ಮಿಯೂ ವೈದ್ಯಪದವಿಗೆ ಸ್ಪರ್ಧಿಸಿದರೆ ವಾಗ್ಮಿಯೇ ಗೆಲ್ಲುವನು ಎಂದು ಹೆಮ್ಮೆಪಡುತ್ತಾನೆ. ಸಾಕ್ರಟೀಸನು ಹಿಡಿಯುವುದು ಇದನ್ನೇ. ಹಾಗಾದರೆ ತಿಳಿಯದವರ ಮುಂದೆ ತಿಳಿಯದವನೊಬ್ಬನು ತಿಳಿದವನಿಗಿಂತ ಹೆಚ್ಚು ನಂಬಿಕೆಗೆ ಪಾತ್ರನಾಗುವುದೇ ನಿಮ್ಮ ವಿದ್ಯೆಯಲ್ಲವೇ? ನಂಬಿಸುವುದರಲ್ಲಿ ಎರಡು ಬಗೆ: ಒಂದು ಕಲಿಸಿ ನಂಬಿಸುವುದು, ಇನ್ನೊಂದು ಕಲಿಸದೆ ನಂಬಿಸುವುದು. ನೀರಿನ ಮಡಕೆ ಬರಿದಾಗುವಷ್ಟರಲ್ಲಿ ನೂರಾರು ಜನರಿಗೆ ಯಾರೂ ಏನನ್ನೂ ಕಲಿಸಲಾರರು. ಆದುದರಿಂದ ನ್ಯಾಯಾಲಯದ ವಾಗ್ಮಿತೆ ಎರಡನೆಯ ಬಗೆಯದು.

ಮುಂದೆ ಪ್ಲೇಟೋ ಅಡುಗೆಮನೆಗೆ ಹೋಗುತ್ತಾನೆ. ದೇಹಕ್ಕೆ ನಿಜವಾದ ಹಿತವನ್ನು ಮಾಡುವುದು ವೈದ್ಯ. ಹಿತದ ವೇಷ ಹಾಕಿ ನಾಲಗೆಯನ್ನು ಓಲೈಸುವುದು ರುಚಿಯ ಅಡುಗೆ. ವೈದ್ಯನಿಗೆ ತಾನೇಕೆ ಈ ಮದ್ದನ್ನು ಕೊಡುತ್ತಿದ್ದೇನೆಂಬ ಕಾರಣ ಗೊತ್ತು. ಅಡುಗೆಯವನಿಗೆ ರೂಢಿಯಿಂದ ಬಂದ ಕೈಚಳಕವಷ್ಟೇ ಗೊತ್ತು. ದೇಹಕ್ಕೆ ಅಡುಗೆ ಹೇಗೋ ಆತ್ಮಕ್ಕೆ ವಾಗ್ಮಿತೆ ಹಾಗೆ. ನಮ್ಮ ಗಾದೆಯಲ್ಲಿಯೂ ಊಟ ಮತ್ತು ಮಾತು ಜೊತೆಜೊತೆಯಾಗಿ ಬಂದಿರುವುದನ್ನು ಕಂಡು ನಮಗೆ ಸೋಜಿಗವಾದದ್ದುಂಟು. ದಾಸೋಹದ ಅಡುಗೆಮನೆಯಲ್ಲಿ ದುಡಿಯುವವರು ಪ್ಲೇಟೋನ ತೀರ್ಪನ್ನು ಒಪ್ಪಲಾರರು. ನಾವೂ ಅವರ ಪಕ್ಷವೇ. ಆದರೆ ಅವನ ಬಾಣ ಬೇರೆ ಗುರಿಯತ್ತ ಹೋಗುತ್ತಿದೆ. ಸಂವಾದದ ಕೊನೆಯ ಭಾಗದಲ್ಲಿ ಕ್ಯಾಲಿಕ್ಲೀಸ್ ಎಂಬವನು ಸಾಕ್ರಟೀಸನನ್ನು ಎಚ್ಚರಿಸುತ್ತಾನೆ: ಯಾರಾದರೂ ನಿನ್ನ ಮೇಲೆ ಸುಳ್ಳು ಮೊಕದ್ದಮೆ ಹಾಕಿದರೆ ನೀನು ಬಾಯಿ ಬಿಟ್ಟು ನಿಲ್ಲುವೆ, ಸಾಯುವೆ ಎಂದು. ಹೌದು, ನನ್ನ ವಿಚಾರಣೆಯು ಮಕ್ಕಳ ಮುಂದೆ ಅಡುಗೆಯವನು ವೈದ್ಯನ ಮೇಲೆ ದೂರು ತಂದಂತೆ ನಡೆಯುತ್ತದೆ ಎನ್ನುತ್ತಾನೆ ಸಾಕ್ರಟೀಸ್. ಇವನು ನಿಮಗೆ ಕಹಿ ಕುಡಿಸಿದ, ಉಪವಾಸ ಕೆಡವಿದ, ನಾನಾದರೋ ಸಿಹಿ ಕೊಟ್ಟೆ ಎಂದು ಅಡುಗೆಯವನು ಹೇಳಿದರೆ, ವೈದ್ಯನು ಎಲ್ಲವೂ ನಿಮ್ಮ ಆರೋಗ್ಯಕ್ಕಾಗಿ ಎಂದರೆ, ಮಕ್ಕಳು ಕೂಗಿಕೊಳ್ಳುವುದಿಲ್ಲವೇ? ಓದುತ್ತಿದ್ದವರಿಗೆಲ್ಲ ವಿಚಾರಣೆಯ ಫಲ ಆಗಲೇ ಗೊತ್ತಿತ್ತು.

ಜ್ಞಾನವೆಂದರೇನು, ಸರಿಯಾದ ಅಭಿಪ್ರಾಯವೆಂದರೇನು ಎಂಬ ಭೇದವನ್ನು ಪ್ಲೇಟೋ ‘ಮೆನೋ’ ಎಂಬ ಸಂವಾದದಲ್ಲಿ ಬಿಡಿಸಿದ್ದಾನೆ. ಲಾರಿಸಾ ಎಂಬ ಊರಿಗೆ ಹೋಗಿ ಬಂದವನು ದಾರಿಯನ್ನು ಬಲ್ಲ. ಹೋಗದವನೂ ಸರಿಯಾಗಿ ಊಹಿಸಿದರೆ ಜನರನ್ನು ಅಲ್ಲಿಗೇ ಮುಟ್ಟಿಸುತ್ತಾನೆ. ಮುಟ್ಟುವುದೇ ಮುಖ್ಯವಾದರೆ ಜ್ಞಾನದ ಹೆಚ್ಚುಗಾರಿಕೆಯೇನು? ಡೀಡಲಸ್ ಎಂಬ ಶಿಲ್ಪಿ ಮಾಡಿದ ಪ್ರತಿಮೆಗಳು ಕಟ್ಟಿಹಾಕದಿದ್ದರೆ ಎದ್ದು ಓಡುತ್ತವೆಂಬ ಕತೆ ಗ್ರೀಕರಲ್ಲಿತ್ತು. ಸರಿಯಾದ ಅಭಿಪ್ರಾಯಗಳೂ ಹಾಗೆಯೇ. ಇರುವಷ್ಟು ಹೊತ್ತು ಚೆನ್ನ, ಆದರೆ ಮನಸ್ಸಿನಿಂದ ಓಡಿಹೋಗುತ್ತವೆ. ಕಾರಣದ ಹಗ್ಗದಿಂದ ಕಟ್ಟಿದಾಗ ಅವು ಜ್ಞಾನವಾಗಿ ನಿಲ್ಲುತ್ತವೆ. ಮಿಟಿಲೀನಿನ ವಿಷಯದಲ್ಲಿ ಅಥೆನ್ಸಿನ ಸಭೆಯು ಒಂದೇ ರಾತ್ರಿಯಲ್ಲಿ ಮನಸ್ಸು ಬದಲಿಸಿದ್ದನ್ನು ಇಲ್ಲಿ ನೆನೆಯಬಹುದು. ಆ ದಿನ ಅವರು ಸರಿಯಾದ ಕಡೆಗೆ ಬದಲಾದರು. ಮತ್ತೊಂದು ದಿನ?

ವಯಸ್ಸಾದಂತೆ ಪ್ಲೇಟೋ ಸ್ವಲ್ಪ ಮೃದುವಾದನೆಂದು ‘ಫೀಡ್ರಸ್’ ಸಂವಾದವನ್ನು ಓದಿದಾಗ ತೋರುತ್ತದೆ. ಅಲ್ಲಿ ಅವನು ವಾಗ್ಮಿತೆಯನ್ನು ಪೂರ್ತಿ ತಳ್ಳಿಹಾಕದೆ, ನಿಜವಾದ ವಾಗ್ಮಿಗೆ ಬೇಕಾದ ಅರ್ಹತೆಗಳನ್ನು ಹೇಳುತ್ತಾನೆ. ವಿಷಯದ ಸತ್ಯವನ್ನು ತಿಳಿದಿರಬೇಕು. ಕೇಳುವವರ ಆತ್ಮಗಳಲ್ಲಿ ಎಷ್ಟು ಬಗೆಗಳಿವೆ, ಯಾವ ಬಗೆಗೆ ಯಾವ ಮಾತು ನಾಟುತ್ತದೆ ಎಂಬುದನ್ನೂ ತಿಳಿದಿರಬೇಕು. ಇಷ್ಟು ತಿಳಿದವನು ಸಿಗುವುದಾದರೂ ಎಲ್ಲಿ? ಈ ಮಟ್ಟದ ಅರ್ಹತೆ ಪ್ಲೇಟೋನಿಗೇ ಇತ್ತೇನೋ. ವಾಗ್ಮಿತೆಯನ್ನು ಬಯ್ಯಲು ಅವನು ಬಳಸಿದ ವಾಗ್ಮಿತೆಯನ್ನು ಗ್ರೀಕ್ ಗದ್ಯದಲ್ಲಿ ಮೀರಿಸಿದವರು ವಿರಳ.

ಇದೇ ಅಥೆನ್ಸಿನಲ್ಲಿ, ಪ್ಲೇಟೋನ ಅಕಾಡೆಮಿಗೆ ಕೆಲವೇ ವರ್ಷ ಮೊದಲು, ಐಸೊಕ್ರಟೀಸನು ತನ್ನ ಪಾಠಶಾಲೆಯನ್ನು ತೆರೆದಿದ್ದನು. ಅವನ ಕಂಠ ಕ್ಷೀಣ, ಸಭೆಯಲ್ಲಿ ನಿಲ್ಲುವ ಧೈರ್ಯವೂ ಇರಲಿಲ್ಲ. ಆದುದರಿಂದ ಬರೆದನು, ಬರೆಯಲು ಕಲಿಸಿದನು. ಕ್ರಿ.ಪೂ. 436ರಿಂದ 338ರವರೆಗೆ ತೊಂಬತ್ತೆಂಟು ವರ್ಷ ಬದುಕಿದನು. ಎರಡು ದಿನಗಳಲ್ಲಿ ಎಲ್ಲವನ್ನೂ ಕಲಿಸುವೆವೆಂದು ಜಾಹೀರು ಮಾಡುವಂಥ ಸೋಫಿಸ್ಟರನ್ನೂ, ಪರಿಪೂರ್ಣ ಜ್ಞಾನವನ್ನು ಕೊಡುವೆವೆನ್ನುವವರನ್ನೂ ಅವನು ಒಂದೇ ತಕ್ಕಡಿಯಲ್ಲಿ ತೂಗಿ ಬದಿಗಿಟ್ಟನು. ನಾಳೆ ಏನು ಮಾಡಬೇಕು, ಏನು ಹೇಳಬೇಕು ಎಂಬುದನ್ನು ನಿಶ್ಚಯವಾಗಿ ತಿಳಿಸುವ ಜ್ಞಾನ ಮನುಷ್ಯಸ್ವಭಾವಕ್ಕೆ ಎಟುಕುವುದಲ್ಲ. ತನ್ನ ಊಹೆಯಿಂದ ಬಹುಪಾಲು ಒಳ್ಳೆಯ ದಾರಿಯನ್ನೇ ಹಿಡಿಯಬಲ್ಲವನೇ ವಿವೇಕಿ. ಅಂಥ ವಿವೇಕವನ್ನು ತರುವ ಅಭ್ಯಾಸವೇ ತತ್ತ್ವಜ್ಞಾನ ಎಂದನು. ನಿರುಪಯುಕ್ತ ವಿಷಯದ ನಿಖರ ಜ್ಞಾನಕ್ಕಿಂತ ಉಪಯುಕ್ತ ವಿಷಯದ ತಕ್ಕ ಅಭಿಪ್ರಾಯ ಮೇಲು. ಚೆನ್ನಾಗಿ ಮಾತನಾಡಬಯಸುವವನು ಒಳ್ಳೆಯ ವಿಷಯಗಳನ್ನೇ ಆರಿಸಿಕೊಳ್ಳುತ್ತಾನೆ, ಒಳ್ಳೆಯವನೆಂಬ ಹೆಸರನ್ನೂ ಕಾಪಾಡಿಕೊಳ್ಳುತ್ತಾನೆ, ಏಕೆಂದರೆ ಜನ ನಂಬುವುದು ಅಂಥವನನ್ನೇ ಎಂಬುದೂ ಅವನ ವಾದ. ತತ್ತ್ವಜ್ಞರ ಸಾಲಿನಲ್ಲಿ ಐಸೊಕ್ರಟೀಸನಿಗೆ ದೊಡ್ಡ ಪೀಠ ದೊರೆತಿಲ್ಲ. ಆದರೆ ಒಂದು ಸಂಸ್ಥೆಯ ಕಾರ್ಯಭಾರವನ್ನು ಹೊತ್ತು, ಅರೆಬರೆ ಮಾಹಿತಿಯ ಮೇಲೆ ಸಂಜೆಯೊಳಗೆ ನಿರ್ಧಾರ ಮಾಡಬೇಕಾದ ನಮ್ಮಂಥವರಿಗೆ ಅವನ ಮಾತು ಬಲು ಹತ್ತಿರ. ಲಾರಿಸಾದ ದಾರಿಯನ್ನು ನಡೆದು ನೋಡುವಷ್ಟು ಸಮಯ ಎಷ್ಟೋ ಸಲ ಇರುವುದಿಲ್ಲ.

ಹದಿನೇಳನೆಯ ವಯಸ್ಸಿನಲ್ಲಿ ಪ್ಲೇಟೋನ ಬಳಿಗೆ ಬಂದು ಇಪ್ಪತ್ತು ವರ್ಷ ಅಲ್ಲಿಯೇ ಇದ್ದ ಅರಿಸ್ಟಾಟಲನು ಗುರುವಿನ ಕಟುತನವನ್ನೂ ಐಸೊಕ್ರಟೀಸನ ಹಗುರತನವನ್ನೂ ಕಂಡಿದ್ದವನು. ಐಸೊಕ್ರಟೀಸನು ಮಾತನಾಡುತ್ತಿರುವಾಗ ತಾನು ಸುಮ್ಮನಿರುವುದು ನಾಚಿಕೆಗೇಡು ಎಂದು ಹೇಳಿ ಅವನು ವಾಗ್ಮಿತೆಯ ಪಾಠವನ್ನು ಆರಂಭಿಸಿದನೆಂದು ಐತಿಹ್ಯವಿದೆ. ಅವನ ‘ರೆಟೊರಿಕೆ’ ಎಂಬ ಗ್ರಂಥದಲ್ಲಿ ವಿವಾದವು ಬೇರೊಂದು ತಿರುವನ್ನು ಪಡೆಯುತ್ತದೆ. ಅವನು ವಾಗ್ಮಿತೆಯನ್ನು ನಂಬಿಸುವ ಶಕ್ತಿಯೆನ್ನುವುದಿಲ್ಲ. ಪ್ರತಿಯೊಂದು ಸಂದರ್ಭದಲ್ಲಿಯೂ ನಂಬಿಕೆ ಹುಟ್ಟಿಸಬಲ್ಲ ಅಂಶಗಳೇನಿವೆ ಎಂಬುದನ್ನು ಕಾಣುವ ಸಾಮರ್ಥ್ಯ ಎನ್ನುತ್ತಾನೆ. ವೈದ್ಯಶಾಸ್ತ್ರದ ಕೆಲಸವೂ ಎಲ್ಲರನ್ನೂ ಗುಣಪಡಿಸಿಯೇ ತೀರುವುದಲ್ಲ. ಸಾಧ್ಯವಾದಷ್ಟು ಆ ದಾರಿಯಲ್ಲಿ ಒಯ್ಯುವುದು. ಪ್ಲೇಟೋ ವಾಗ್ಮಿಯಿಂದ ಕಿತ್ತುಕೊಂಡಿದ್ದ ವೈದ್ಯನ ಹೋಲಿಕೆಯನ್ನು ಶಿಷ್ಯನು ಸದ್ದಿಲ್ಲದೆ ಮರಳಿಸಿದ್ದಾನೆ.

ಯಾವುದನ್ನು ಕುರಿತು ಜನ ಸಭೆ ಸೇರಿ ಯೋಚಿಸುತ್ತಾರೆ ಎಂದು ಅವನು ಕೇಳುತ್ತಾನೆ. ಹೀಗೂ ಆಗಬಹುದು, ಹಾಗೂ ಆಗಬಹುದು ಎಂಬಂಥ ವಿಷಯಗಳನ್ನು ಮಾತ್ರ. ಬದಲಾಗಲಾರದ್ದರ ಬಗ್ಗೆ ಯಾರೂ ಸಮಾಲೋಚಿಸುವುದಿಲ್ಲ. ಆದುದರಿಂದ ಗಣಿತಜ್ಞನಿಂದ ಬರೀ ಸಂಭಾವ್ಯತೆಯ ಮಾತನ್ನು ಒಪ್ಪುವುದು ಎಷ್ಟು ತಪ್ಪೋ, ಸಭೆಯಲ್ಲಿ ಮಾತನಾಡುವವನಿಂದ ಗಣಿತದ ಸಾಧನೆಯನ್ನು ಬೇಡುವುದೂ ಅಷ್ಟೇ ತಪ್ಪು ಎಂದು ತನ್ನ ನೀತಿಗ್ರಂಥದಲ್ಲಿ ಹೇಳಿದ್ದಾನೆ. ನಂಬಿಕೆ ಹುಟ್ಟುವುದು ಮೂರು ಕಡೆಯಿಂದ: ಆಡುವವನ ಶೀಲದಿಂದ, ಕೇಳುವವರ ಮನಃಸ್ಥಿತಿಯಿಂದ, ಆಡಿದ ಮಾತಿನ ತರ್ಕದಿಂದ. ಅವನಿಗಿಂತ ಮೊದಲಿನ ಕೈಪಿಡಿಗಳು ಕೇಳುವವರ ಸಿಟ್ಟು, ಅಸೂಯೆ, ಕನಿಕರಗಳನ್ನು ಕೆರಳಿಸುವ ಉಪಾಯಗಳಿಗೇ ಅಂಟಿಕೊಂಡಿದ್ದವೆಂದು ಅವನು ಆಕ್ಷೇಪಿಸುತ್ತಾನೆ. ಹಾಗೆ ಮಾಡುವುದು ನಾವೇ ಅಳೆಯಲು ಬಳಸಬೇಕಾದ ಗೆರೆಕೋಲನ್ನು ಬಾಗಿಸಿಕೊಂಡಂತೆ. ಆದರೂ ಎರಡನೆಯ ಭಾಗದಲ್ಲಿ ಸಿಟ್ಟೆಂದರೇನು, ಅದು ಯಾರ ಮೇಲೆ, ಏಕೆ ಬರುತ್ತದೆ, ಹೇಗೆ ಇಳಿಯುತ್ತದೆ ಎಂದು ಅವನೇ ಒಂದೊಂದು ಭಾವವನ್ನೂ ಬಿಡಿಸಿ ನೋಡುತ್ತಾನೆ. ತರುಣರು ಹೇಗೆ, ಮುದುಕರು ಹೇಗೆ ಎಂಬ ವರ್ಣನೆಯಂತೂ ಇಂದು ಯಾವ ಊರಿನ ಕಟ್ಟೆಯ ಮೇಲೆ ಓದಿದರೂ ತಲೆದೂಗುವಂತಿದೆ. ವಾಗ್ಮಿಗೆ ಆತ್ಮಗಳ ಬಗೆಗಳು ತಿಳಿದಿರಬೇಕೆಂದು ಪ್ಲೇಟೋ ಕೇಳಿದ್ದನ್ನು ಅವನು ಮಾಡಿಯೇ ತೋರಿಸಿದನು.

ಸತ್ಯದ ವಿಷಯದಲ್ಲಿ ಅರಿಸ್ಟಾಟಲನು ಹೇಳಿರುವುದು ನಮ್ಮ ಪಾಲಿಗೆ ಈ ಇಡೀ ವಿವಾದದ ನಡುಗಂಬ. ಸತ್ಯವಾದುದೂ ನ್ಯಾಯವಾದುದೂ ಸ್ವಭಾವದಿಂದ ತಮ್ಮ ವಿರುದ್ಧವಾದವುಗಳ ಮೇಲೆ ಗೆಲ್ಲುವ ಬಲವುಳ್ಳವು. ತೀರ್ಪು ಸರಿಯಾಗಿ ಬರದಿದ್ದರೆ, ಅವು ಸೋತದ್ದು ತಮ್ಮ ಪರವಾಗಿ ನಿಂತವರ ಅಸಾಮರ್ಥ್ಯದಿಂದ. ಅದು ನಿಂದೆಗೆ ಅರ್ಹವಾದ ಸೋಲು. ತನ್ನ ದೇಹವನ್ನು ಕಾಪಾಡಿಕೊಳ್ಳಲಾರದ್ದು ನಾಚಿಕೆಯಾದರೆ ಮಾತಿನಿಂದ ಕಾಪಾಡಿಕೊಳ್ಳಲಾರದ್ದು ಇನ್ನೂ ಹೆಚ್ಚಿನ ನಾಚಿಕೆ, ಏಕೆಂದರೆ ಮನುಷ್ಯನಿಗೆ ದೇಹಬಲಕ್ಕಿಂತ ವಿಶಿಷ್ಟವಾದುದು ಮಾತು. ಇಲ್ಲಿ ಸಾಕ್ರಟೀಸನ ಹೆಸರಿಲ್ಲ. ಆದರೆ ಆ ಮೂವತ್ತು ಮತಗಳನ್ನು ನೆನೆಯದೆ ಈ ಭಾಗವನ್ನು ಓದಲು ನಮ್ಮಿಂದ ಆಗಿಲ್ಲ. ಸಾಕ್ರಟೀಸನು ಅಸಾಮರ್ಥ್ಯದಿಂದ ಸೋತನೆಂದು ನಾವು ಒಪ್ಪುವುದಿಲ್ಲ; ಅವನು ಬೇಕೆಂದೇ ಗೆಲ್ಲಲಿಲ್ಲ. ಡಯೊಡೋಟಸನಾದರೋ ಬೇಕೆಂದೇ ಗೆದ್ದನು, ಒಂದು ನಗರ ಉಳಿಯಿತು. ಅರಿಸ್ಟಾಟಲನ ತಕ್ಕಡಿಯಲ್ಲಿ ಇಬ್ಬರನ್ನೂ ಇಟ್ಟರೆ ಮುಳ್ಳು ಎತ್ತ ವಾಲುತ್ತದೆ ಎಂದು ನಮಗೆ ಸಂದೇಹವಿಲ್ಲ. ಅದು ವಾಲುವ ಕಡೆಗೆ ನಮ್ಮ ಮನಸ್ಸು ಪೂರ್ತಿಯಾಗಿ ಹೋಗುವುದಿಲ್ಲ ಎಂಬುದೂ ಅಷ್ಟೇ ನಿಜ.

ಅರಿಸ್ಟಾಟಲನ ಸರದಿಯೂ ಬಂದಿತು. ಕ್ರಿ.ಪೂ. 323ರಲ್ಲಿ ಅಲೆಕ್ಸಾಂಡರನು ತೀರಿಕೊಂಡ ಸುದ್ದಿ ಮುಟ್ಟಿದೊಡನೆ ಅಥೆನ್ಸಿನಲ್ಲಿ ಮೆಸಿಡೋನಿಯದ ಕಡೆಯವರ ಮೇಲೆ ರೋಷ ಎದ್ದಿತು. ಆ ಅರಸುಮನೆಗೆ ಗುರುವಾಗಿದ್ದ ಅರಿಸ್ಟಾಟಲನ ಮೇಲೆ ದೈವನಿಂದೆಯ ಆರೋಪ ಹೊರಿಸಲಾಯಿತು. ಸಾಕ್ರಟೀಸನ ಮೇಲೆ ಬಂದಂಥದೇ ಆರೋಪ. ನಂಬಿಸುವ ವಿದ್ಯೆಯ ಎಲ್ಲ ಒಳಗುಟ್ಟುಗಳನ್ನೂ ಬರೆದಿಟ್ಟಿದ್ದ ಆತನು ನ್ಯಾಯಾಲಯದ ಮುಂದೆ ನಿಲ್ಲಲಿಲ್ಲ. ಅಥೆನ್ಸಿನವರು ತತ್ತ್ವಜ್ಞಾನಕ್ಕೆ ಎರಡನೆಯ ಸಲ ಅಪರಾಧವೆಸಗಲು ಬಿಡುವುದಿಲ್ಲವೆಂದು ಹೇಳಿ ತಾಯಿಯ ಕಡೆಯ ಊರಾದ ಕ್ಯಾಲ್ಸಿಸಿಗೆ ಹೊರಟುಹೋದನೆಂದು ಹಿಂದಿನವರು ಹೇಳುತ್ತಾರೆ. ಮರುವರ್ಷ, 322ರಲ್ಲಿ, ಅಲ್ಲಿಯೇ ತೀರಿಕೊಂಡನು. ಅಥೆನ್ಸಿನ ಮಹಾವಾಗ್ಮಿ ಡೆಮಾಸ್ತನೀಸನು ಬೆನ್ನಟ್ಟಿ ಬಂದ ಸೈನಿಕರಿಗೆ ಸಿಕ್ಕದಂತೆ ವಿಷ ಸೇವಿಸಿದ್ದೂ ಆ ವರ್ಷವೇ. ಮೆಸಿಡೋನಿಯದ ಆಂಟಿಪೇಟರನು ನಗರವನ್ನು ಗೆದ್ದು, ಎರಡು ಸಾವಿರ ಡ್ರಾಕ್ಮಾಗಳಿಗಿಂತ ಕಡಿಮೆ ಆಸ್ತಿಯುಳ್ಳವರಿಗೆ ಇನ್ನು ಮುಂದೆ ಮತವಿಲ್ಲವೆಂದು ಕಟ್ಟು ಮಾಡಿದನು. ಗುಡ್ಡದ ಮೇಲೆ ಕುಳಿತು ಕ್ಲಿಯಾನನನ್ನೂ ಡಯೊಡೋಟಸನನ್ನೂ ಕೇಳಿ ಕೈ ಎತ್ತಿದವರ ಮೊಮ್ಮಕ್ಕಳು ಮರಿಮಕ್ಕಳಲ್ಲಿ ಸಾವಿರಾರು ಮಂದಿ ಬಡವರು ಸಭೆಯಿಂದ ಹೊರಗುಳಿದರು.